ಎಪ್ಪತ್ತು ಸಾವಿರದ ಬಾಡಿಗೆ, ನಾಲ್ಕೆಕರೆಯ ಲಾವಣಿ

ಮಗಳು-ಅಳಿಯ ಬೆಂಗಳೂರಿನ ಯಶವಂತಪುರದ ಹತ್ತಿರ ಮೂರು ಬೆಡ್‌ರೂಮಿನ ಐಷಾರಾಮಿ ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದಾರೆ. ರಾಣೆಬೆನ್ನೂರಿನಲ್ಲಿ ರೈಲು ಹತ್ತಿದರೆ ನಾವು ಇಳಿಯುವುದೂ ಅಲ್ಲೇ. ಕೆಳಗೆ ಈಜುಕೊಳ, ಜಿಮ್, ಹೊರಗೆ ಕಾಲಿಟ್ಟರೆ ಗಿಜಿಗುಡುವ ರಸ್ತೆ. ಬಾಡಿಗೆ ತಿಂಗಳಿಗೆ 70,000 ರೂಪಾಯಿ. ಸುದ್ದಿ ಮುಟ್ಟಿದ ಸಂಜೆಯೇ ಬ್ಯಾಡಗಿಯಿಂದ ಅಣ್ಣನ ಫೋನು: “ರೊಕ್ಕ ಹಳ್ಳಕ್ಕ ಒಗದಂಗ ಆತಲ್ಲೋ ತಮ್ಮಾ! ಹೈವೇ ಬಾಜೂಕಿನ ನಾಕೆಕರೆ ಮಾರಿ ಆ ಫ್ಲ್ಯಾಟ್ ಖರೀದಿ ಮಾಡಿಬಿಡು.”

ಅಣ್ಣ ಮೆಣಸಿನಕಾಯಿ ದಲಾಲಿ ಅಂಗಡಿಯವನು. ಸೋಮವಾರ, ಗುರುವಾರ ಪೇಟೆಯಲ್ಲಿ ಚೀಲಗಟ್ಟಲೆ ಲೆಕ್ಕ ಬಾಯಲ್ಲೇ ಮಾಡುವವನು. ಅವನಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. “ನಮ್ಮ ಹೊಲಾ ಲಾವಣಿಗೆ ಮಾಡಾವ ಹುಚ್ಚೇನಣ್ಣ?” ಎಂದು ಕೇಳಿದೆ.

ಮೋಟೆಬೆನ್ನೂರಿನ ಬಳಿಯ ಆ ಹೊಲಕ್ಕೆ ಎಕರೆಗೆ 40 ಲಕ್ಷ ಕೇಳುವವರಿದ್ದಾರೆ. ಲಾವಣಿ ಬರುವುದು ಎಕರೆಗೆ ವರ್ಷಕ್ಕೆ 25,000. ನೂರಕ್ಕೆ ಒಂದು ರೂಪಾಯಿಯೂ ಬೀಳಲಿಲ್ಲ. ಅಷ್ಟು ಕೊಟ್ಟು ಹೊಲ ಕೊಂಡರೆ ಬೆಳೆಯಲ್ಲಿ ಬಡ್ಡಿಯೂ ಹುಟ್ಟುವುದಿಲ್ಲ ಎಂದು ಗೊತ್ತಿದ್ದೇ ಆ ರೈತ ಲಾವಣಿ ಹಿಡಿದಿದ್ದಾನೆ. ಅವನನ್ನು ಊರಲ್ಲಿ ಯಾರೂ ದಡ್ಡ ಎನ್ನುವುದಿಲ್ಲ. ಪಟ್ಟಣದ ಬಾಡಿಗೆದಾರನೂ ಅದೇ ಲೆಕ್ಕ ಹಾಕಿದವನು.

ಆ ಫ್ಲ್ಯಾಟಿನ ಬೆಲೆ ಎರಡೂಮುಕ್ಕಾಲು ಕೋಟಿ. ವರ್ಷದ ಬಾಡಿಗೆ 8.4 ಲಕ್ಷ, ಅಂದರೆ ಬೆಲೆಯ ಶೇ 3ರಷ್ಟು. ಶೇ 80ರಷ್ಟು ಸಾಲವನ್ನು ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತೇ ಸುಮಾರು 1.91 ಲಕ್ಷ. ಮುದ್ರಾಂಕ ಶುಲ್ಕ, 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ಮತ್ತೆ 20 ಲಕ್ಷದ ಮೇಲೆ. ಇನ್ನು ನಾಲ್ಕೆಕರೆ ಮಾರಿದರೆ ಬರುವುದು 1.6 ಕೋಟಿ, ಅದು ಖರೀದಿಗೇ ಸಾಲದು. ಅದೇ ಹಣಕ್ಕೆ ಬ್ಯಾಂಕಿನಲ್ಲಿ ಶೇ 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ 11 ಲಕ್ಷ. ತೆರಿಗೆ ಕಟ್ಟಿದ ಮೇಲೂ ಬಾಡಿಗೆಯ ಬಹುಪಾಲು ಅದರಲ್ಲೇ ಹೋಗುತ್ತದೆ.

ಹಾಗಂತ ಬಾಡಿಗೆ 70,000ಕ್ಕೇ ನಿಲ್ಲುವುದಿಲ್ಲ. ನಿರ್ವಹಣಾ ಶುಲ್ಕ 8,500. ಅದು ತಿಂಗಳಿಗೆ 7,500 ದಾಟಿ, ನಿವಾಸಿಗಳ ಸಂಘದ ವಾರ್ಷಿಕ ವಹಿವಾಟೂ 20 ಲಕ್ಷ ಮೀರಿದ್ದರೆ, ಶೇ 18 ಜಿಎಸ್‌ಟಿ ಬೀಳುತ್ತದೆ. ಹೀಗೆ 10,000 ದಾಟಿತು. ಮಾಲೀಕರು ಹತ್ತು ತಿಂಗಳ ಡಿಪಾಸಿಟ್ ಕೇಳಿದರು, ಚೌಕಾಸಿ ಮಾಡಿ ಐದಕ್ಕೆ ಇಳಿಸಿದೆವು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದೆ, ಆದರೆ ರಾಜ್ಯಗಳು ಒಪ್ಪಿಕೊಂಡರಷ್ಟೇ ಅದಕ್ಕೆ ಬಲ. ಡಿಪಾಸಿಟ್ಟಿನ ಮೂರೂವರೆ ಲಕ್ಷಕ್ಕೆ ತಪ್ಪಿದ ಬಡ್ಡಿ ತಿಂಗಳಿಗೆ 2,000. ಒಟ್ಟು 82,000. ಮನೆ ನೋಡುವಾಗ ಈ ಮೊತ್ತವನ್ನೇ ಬಾಡಿಗೆ ಎಂದು ತಿಳಿಯಬೇಕು.

ತಿಂಗಳ ಬಾಡಿಗೆ 50,000 ಮೀರಿದರೆ ಬಾಡಿಗೆದಾರನೇ ಶೇ 2 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 2024ರ ಅಕ್ಟೋಬರ್‌ಗೆ ಮುಂಚೆ ಇದು ಶೇ 5 ಇತ್ತು. ಇಂಥ ಫ್ಲ್ಯಾಟುಗಳ ಮಾಲೀಕರು ಎಷ್ಟೋ ಸಲ ಅಮೆರಿಕದಲ್ಲೋ ದುಬೈಯಲ್ಲೋ ಇರುತ್ತಾರೆ. ಅನಿವಾಸಿ ಮಾಲೀಕರಾದರೆ ಕಡಿತ ಶೇ 30ರ ಮೇಲೆ. ಕರಾರಿಗೆ ಸಹಿ ಹಾಕುವ ಮೊದಲೇ ಇದನ್ನು ಕೇಳಿಕೊಳ್ಳಿ.

ಬಾಡಿಗೆಯ ರಗಳೆಯೇ ಬೇಡವೆಂದು ಹಾವೇರಿಯ ಸ್ನೇಹಿತರೊಬ್ಬರು ಮಗನಿಗೆ ಬೆಂಗಳೂರಿನಲ್ಲಿ 25 ಲಕ್ಷಕ್ಕೆ ಮನೆ ಲೀಸ್ ಹಾಕಿಸಿಕೊಟ್ಟರು. ಮಾಲೀಕ ಸಾಲದ ಕಂತು ಕಟ್ಟದೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದರು. ಲೀಸಿನ ಹಣ ಕೊಡುವ ಮುಂಚೆ ಋಣಭಾರ ಪತ್ರ (ಇಸಿ) ತೆಗೆಸಿ ಮನೆಯ ಮೇಲೆ ಸಾಲವಿದೆಯೇ ನೋಡಬೇಕು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು.

ಇಷ್ಟೆಲ್ಲ ಕೇಳಿ ಅಣ್ಣ ಅಂದ: “ಬಾಡಿಗಿ ಕೊಟ್ಟಾಂವಗ ಇಪ್ಪತ್ತು ವರ್ಷದ ಮ್ಯಾಲ ಏನುಳೀತೈತಿ ಹೇಳು.” ಇದು ಒಪ್ಪಬೇಕಾದ ಮಾತು. ಕಂತು ಕಟ್ಟುವವನು ಬೇಡವೆಂದರೂ ಆಸ್ತಿ ಮಾಡುತ್ತಾನೆ, ಬೆಲೆ ಏರಿದರೆ ಅದೂ ಅವನದೇ. ಬಾಡಿಗೆದಾರನ ಉಳಿತಾಯ ಅವನ ಮನಸ್ಸಿಗೆ ಬಿಟ್ಟದ್ದು. ಕಂತಿಗೂ ಬಾಡಿಗೆಗೂ ಇರುವ ಲಕ್ಷದ ಅಂತರ ಹೋಟೆಲು, ಕಾರು, ಪ್ರವಾಸಗಳಲ್ಲಿ ಕರಗಿದರೆ ಗೆದ್ದವನು ಅಣ್ಣನೇ. ಅದಕ್ಕೇ ಮಗಳು-ಅಳಿಯನಿಗೆ ನಾನು ಹಾಕಿದ ಷರತ್ತು ಒಂದೇ: ಸಂಬಳ ಬಂದ ಮರುದಿನವೇ 60,000 ರೂಪಾಯಿ ಎಸ್‌ಐಪಿಗೆ ಹೋಗಬೇಕು. ಅದನ್ನು ಕಟ್ಟುವುದು ಕಷ್ಟವಾಗತೊಡಗಿದರೆ ಆ ಫ್ಲ್ಯಾಟ್ ಅವರಿಗೆ ತುಟ್ಟಿಯಾಯಿತೆಂದೇ ಅರ್ಥ; ಈಜುಕೊಳ ಬಿಟ್ಟು 35,000ದ ಮನೆ ಹುಡುಕಬೇಕು.