ಬೋರ್ ನೀರಿಗೆ ಟೈಟಾನಿಯಂ ಸವೆಯುತ್ತದೆಯೇ?

ಪ್ರಶ್ನೆ: ಅಮ್ಮನಿಗೆ ಹಲ್ಲಿನ ಇಂಪ್ಲಾಂಟ್ ಹಾಕಿಸಿದ್ದೇವೆ. ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಲೋಹ ಹಾಳಾಗುತ್ತದೆಯೇ?
– ಓದುಗರು, ತುರುವನೂರು

ಉತ್ತರ: ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಮೂಡುವ ಕಂದು ಗೆರೆ ನೋಡುತ್ತಲೇ ಬೆಳೆದ ಚಿತ್ರದುರ್ಗದ ಕಡೆಯವರಿಗೆ ಈ ಅನುಮಾನ ಸಹಜ. ಹೆದರಬೇಡಿ. ಗಾಳಿ ತಾಗಿದೊಡನೆ ಇಂಪ್ಲಾಂಟಿನ ಟೈಟಾನಿಯಂ ಮೈಮೇಲೆ ಆಕ್ಸೈಡ್ ಪದರ ಹೊದ್ದುಕೊಳ್ಳುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಗೀರಿದರೂ ತಾನೇ ಕೂಡಿಕೊಳ್ಳುತ್ತದೆ. ಮೂಳೆ ಬೆಸೆಯುವುದು ಈ ಪದರಕ್ಕೇ. 1952ರಲ್ಲಿ ಸ್ವೀಡನ್ನಿನ ಸಂಶೋಧಕ ಬ್ರೊನೆಮಾರ್ಕ್ ಮೊಲದ ಮೂಳೆಯಲ್ಲಿಟ್ಟಿದ್ದ ಟೈಟಾನಿಯಂ ಕೀಳಲು ಹೋದರೆ ಅದು ಬರಲೇ ಇಲ್ಲ! ಈಗಿನ ಇಂಪ್ಲಾಂಟ್ ಸ್ಕ್ರೂಗಳನ್ನು ಗಟ್ಟಿ ಪುಡಿ ಎರಚಿ, ಆಮ್ಲದಲ್ಲಿ ಅದ್ದಿ, ಬೇಕೆಂದೇ ತರಿತರಿ ಮಾಡುತ್ತಾರೆ. ಮೂಳೆಗೆ ಹಿಡಿತ ಸಿಗಲೆಂದು.

ಫ್ಲೋರೈಡ್ ಈ ಪದರವನ್ನು ತಿನ್ನುವುದುಂಟು, ಆದರೆ ಪ್ರಮಾಣ ಹೆಚ್ಚಿದ್ದು ಆಮ್ಲವೂ ಜೊತೆಗಿದ್ದಾಗ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 1.5 ಮಿ.ಗ್ರಾಂ. ಹಲ್ಲಿಗೆ ಹಚ್ಚುವ ಆಮ್ಲೀಯ ಫ್ಲೋರೈಡ್ ಜೆಲ್‌ನಲ್ಲಿ ಅದರ ಸಾವಿರಾರು ಪಟ್ಟು ಇರುತ್ತದೆ. ಅದನ್ನು ಹಚ್ಚುವ ಮುನ್ನ ಇಂಪ್ಲಾಂಟ್ ಇದೆಯೆಂದು ವೈದ್ಯರಿಗೆ ಹೇಳಿ. ಇಂಪ್ಲಾಂಟಿನ ಬುಡದಲ್ಲಿ ಕಟ್ಟುವ ಕೊಳೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇವೇ ನೀರಿಗಿಂತ ದೊಡ್ಡ ಶತ್ರುಗಳು.

ಆದರೂ ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡ್‌ಗೆ ಸ್ಕ್ರೂ ಜಗ್ಗದಿದ್ದರೂ ಮನೆಮಂದಿಯ ಮೂಳೆ ಜಗ್ಗುತ್ತದೆ.