ಪಾರಿವಾಳದ ಕಿವಿಯಲ್ಲಿ ದಿಕ್ಸೂಚಿಯೇ?

ಸಾಕಿದ ಪಾರಿವಾಳವನ್ನು ಬುಟ್ಟಿಯಲ್ಲಿ ಮುಚ್ಚಿ ದೂರ ಒಯ್ದು ಬಿಟ್ಟರೂ ಅದು ಗೂಡಿಗೆ ಮರಳುವುದನ್ನು ನಾವೆಲ್ಲ ಬಲ್ಲೆವು. ಬಿಸಿಲಿದ್ದರೆ ಸೂರ್ಯನೇ ದಾರಿ ತೋರುವನು, ಮೋಡ ಕವಿದರೆ? 1971ರಲ್ಲಿ ಅಮೆರಿಕದ ಕೀಟನ್ ಎಂಬವರು ಪಾರಿವಾಳಗಳ ಬೆನ್ನಿಗೆ ಅಯಸ್ಕಾಂತ ಕಟ್ಟಿ ಮೋಡದ ದಿನ ಬಿಟ್ಟಾಗ ಹಲವು ಹಕ್ಕಿಗಳು ದಿಕ್ಕು ತಪ್ಪಿದವು. ಭೂಮಿಯ ಕಾಂತಬಲವೂ ಅವಕ್ಕೆ ಆಸರೆಯೆಂದು ಇದರಿಂದ ತಿಳಿಯಿತು.

ಅದನ್ನು ಅರಿಯುವ ಅಂಗ ಯಾವುದು? ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಾಗಿದ ಕೊಳವೆಗಳಿವೆ. ನಾವು ಸಮತೋಲ ತಪ್ಪದೆ ನಡೆಯುವುದಕ್ಕೂ ಅಂಥವೇ ಬೇಕು. ಸೈಕಲ್ಲಿನ ಡೈನಮೊದಲ್ಲಿ ಅಯಸ್ಕಾಂತ ತಿರುಗಿ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದಷ್ಟೆ? ಇಲ್ಲಿ ಭೂಮಿಯೇ ಅಯಸ್ಕಾಂತ. ಹಕ್ಕಿ ತಲೆ ತಿರುಗಿಸಿದಾಗ ಆ ದ್ರವದಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟಬೇಕು. 1882ರಲ್ಲೇ ವಿಗ್ಯೇ ಎಂಬವರು ಹೀಗೆ ಊಹಿಸಿದ್ದರು. 2025ರಲ್ಲಿ ಜರ್ಮನಿಯ ಮ್ಯೂನಿಕ್ಕಿನ ಸಂಶೋಧಕರು ಪಾರಿವಾಳದ ಸುತ್ತ ಕಾಂತಕ್ಷೇತ್ರವನ್ನು ತಿರುಗಿಸಿದಾಗ, ಕತ್ತಲಲ್ಲೂ, ಒಳಕಿವಿಯ ಸುದ್ದಿ ಪಡೆಯುವ ಮಿದುಳಿನ ಭಾಗ ಚುರುಕಾಯಿತು. ಕಣ್ಣಿನಿಂದಲೇ ಅರಿಯುತ್ತವೆ ಎನ್ನುವವರೂ ಇದ್ದಾರೆ. ರಾಬಿನ್ ಹಕ್ಕಿಗಳಲ್ಲಿ ಅದಕ್ಕೂ ಆಧಾರವುಂಟು.