ಹೊಸ ಪ್ರಭೇದವೆಂದು ಹೇಳುವ ಮುನ್ನ

ಸಮುದ್ರದ ಬಸವನಹುಳುಗಳ ಪಳೆಯುಳಿಕೆಗಳಲ್ಲಿ ಹೊಸ ಪ್ರಭೇದವೊಂದನ್ನು ಗುರುತಿಸಿ ವಿವರಿಸುವ ಕೆಲಸದಲ್ಲಿ ಬಂಡೆ ಒಡೆಯುವುದಕ್ಕೆ ಹೋಗುವ ಸಮಯ ತೀರ ಕಡಿಮೆ. ಹಳೆಯ ಗ್ರಂಥಗಳಿಗೂ ವಸ್ತುಸಂಗ್ರಹಾಲಯಗಳ ಡ್ರಾಯರುಗಳಿಗೂ ಹೋಗುವ ಸಮಯವೇ ಹೆಚ್ಚು. ಒಂದು ಚಿಪ್ಪು ಹೊಸದು ಎಂದು ಹೇಳಬೇಕಾದರೆ ಅದಕ್ಕೆ ಹತ್ತಿರದ ಹಳೆಯವೆಲ್ಲ ಏನೇನೆಂದು ತಿಳಿದಿರಬೇಕು. ಹೊಸದೆಂದು ಮೇಜಿನ ಮೇಲೆ ಬರುವ ಚಿಪ್ಪುಗಳಲ್ಲಿ ಬಹುಪಾಲು ಈ ಹಂತ ದಾಟುವುದಿಲ್ಲ. ಯಾರೋ ನೂರೈವತ್ತು ವರ್ಷಗಳ ಹಿಂದೆ ಅವಕ್ಕೆ ಹೆಸರಿಟ್ಟು ಹೋಗಿರುತ್ತಾರೆ.

ಭಾರತದಲ್ಲಿ ಈ ಮಾತಿಗೆ ಒಳ್ಳೆಯ ಉದಾಹರಣೆ ಗುಜರಾತಿನ ಕಚ್ಛ್. ಅಲ್ಲಿನ ಖಾರಿ ನದಿ ಮತ್ತು ಛಸ್ರಾ ಶಿಲಾಶ್ರೇಣಿಗಳು ಸುಮಾರು 2.3 ಕೋಟಿಯಿಂದ 1.6 ಕೋಟಿ ವರ್ಷಗಳ ಹಿಂದಿನ, ಅಂದರೆ ಮಯೋಸೀನ್ ಯುಗದ ಮೊದಲ ಭಾಗದ, ಆಳವಿಲ್ಲದ ಕಡಲಿನ ನಿಕ್ಷೇಪಗಳು. ಟರ್ರಿಟೆಲ್ಲಾ ಎಂಬ ಉದ್ದನೆಯ ಮೊನಚಾದ ಚಿಪ್ಪುಗಳು ಅಲ್ಲಿ ಹೇರಳ. ಕ್ಯಾಪ್ಟನ್ ಗ್ರಾಂಟ್ ಎಂಬ ಸೇನಾಧಿಕಾರಿ ಕಚ್ಛ್‌ನಲ್ಲಿ ಆಯ್ದು ಕಳಿಸಿದ ಪಳೆಯುಳಿಕೆಗಳನ್ನು ಜೇಮ್ಸ್ ಡಿ ಕಾರ್ಲ್ ಸೋವರ್ಬಿ 1840ರಲ್ಲಿ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯ ಸಂಪುಟದಲ್ಲಿ ವಿವರಿಸಿದರು; ಟರ್ರಿಟೆಲ್ಲಾ ಆಂಗ್ಯುಲೇಟಾ ಎಂಬ ಹೆಸರು ಅಲ್ಲಿಂದಲೇ ಬಂದದ್ದು. 1853-54ರಲ್ಲಿ ದಾರ್ಶಿಯಾಕ್ ಮತ್ತು ಎಮ್ ಎಂಬ ಫ್ರೆಂಚ್ ವಿದ್ವಾಂಸರು ಭಾರತ ಉಪಖಂಡದ ನಮ್ಮುಲೈಟ್ ಎಂಬ ನಾಣ್ಯದಂಥ ಪಳೆಯುಳಿಕೆಗಳ ಕಾಲದ ಪ್ರಾಣಿಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ಯಾರಿಸ್‌ನಲ್ಲಿ ಪ್ರಕಟಿಸಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅರ್ನೆಸ್ಟ್ ವ್ರೆಡೆನ್‌ಬರ್ಗ್ ವಾಯವ್ಯ ಭಾರತದ ಮೃದ್ವಂಗಿಗಳ ಮೇಲೆ ಬರೆದದ್ದು ಅವರ ಮರಣಾನಂತರ, 1925 ಮತ್ತು 1928ರಲ್ಲಿ ಬೆಳಕು ಕಂಡಿತು. ಕಚ್ಛ್‌ನ ಒಂದು ಚಿಪ್ಪಿಗೆ ಹೆಸರಿಡಲು ಹೊರಟವರು ಇವಿಷ್ಟನ್ನೂ ಓದಿರಬೇಕು. ಅಷ್ಟಕ್ಕೇ ನಿಲ್ಲುವಂತೆಯೂ ಇಲ್ಲ. ಅಂದಿನ ಕಡಲಿಗೆ ಇಂದಿನ ಗಡಿಗಳಿರಲಿಲ್ಲ. ಸಿಂಧ್, ಮಕ್ರಾನ್, ಕೇರಳದ ಕೊಲ್ಲಂ ಈ ಎಲ್ಲ ಕಡೆಯ ಮಯೋಸೀನ್ ಚಿಪ್ಪುಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕಾಗುತ್ತದೆ. ಕೊಲ್ಲಂ ಪದರುಗಳ ಬಗ್ಗೆ 1961ರಲ್ಲಿ ಪ್ರಕಟವಾದ ಡೇ ಅವರ ಗ್ರಂಥ ಇಂದಿಗೂ ಬಳಕೆಯಲ್ಲಿದೆ.

ಇನ್ನು ಬಂಡೆಯ ವಿಷಯ. ಬಸವನಹುಳುವಿನ ಚಿಪ್ಪಿನಲ್ಲಿ ಹೆಚ್ಚಿನ ಪಾಲು ಅರಗೋನೈಟ್ ಎಂಬ ಸುಣ್ಣದ ಖನಿಜ. ಸಿಂಪಿಯ ಕ್ಯಾಲ್ಸೈಟ್‌ಗೆ ಹೋಲಿಸಿದರೆ ಇದು ಬೇಗ ಕರಗುತ್ತದೆ. ಅದಕ್ಕೇ ಒಂದೇ ಪದರಿನಲ್ಲಿ ಸಿಂಪಿಗಳು ಹಾಗೇ ಉಳಿದು, ಬಸವನಹುಳುಗಳ ಜಾಗದಲ್ಲಿ ಬರೀ ಟೊಳ್ಳು ಇರುವುದುಂಟು. ಚಿಪ್ಪಿನೊಳಗೆ ತುಂಬಿಕೊಂಡ ಕೆಸರು ಗಟ್ಟಿಯಾಗಿ ಚಿಪ್ಪು ಕರಗಿ ಹೋದರೆ ಉಳಿಯುವುದು ಒಳಅಚ್ಚು. ಸುತ್ತು ಎಷ್ಟಿತ್ತು, ಎಷ್ಟು ದಪ್ಪವಿತ್ತು ಎಂದು ಅದು ಹೇಳುತ್ತದೆ. ಮೇಲ್ಮೈಯ ಏಣು, ಗೆರೆ, ಗಂಟುಗಳ ಬಗ್ಗೆ ಏನೂ ಹೇಳುವುದಿಲ್ಲ. ಒಳಅಚ್ಚೊಂದನ್ನೇ ಹಿಡಿದು ಹೆಸರಿಡಲು ನಿಯಮದ ಅಡ್ಡಿಯಿಲ್ಲ. ಆದರೆ ಹಾಗೆ ಇಟ್ಟ ಹತ್ತೊಂಬತ್ತನೆಯ ಶತಮಾನದ ಎಷ್ಟೋ ಹೆಸರುಗಳು ಇಂದಿಗೂ ಯಾವ ಪ್ರಾಣಿಯದೆಂದು ತಿಳಿಯದೆ ತಲೆನೋವಾಗಿ ಉಳಿದಿವೆ, ಆದ್ದರಿಂದ ಆ ಆಸೆಯನ್ನು ಬಿಡುವುದೇ ಲೇಸು. ಹೊರಅಚ್ಚು ಸಿಕ್ಕಿದರೆ ಕೆಲಸ ನಡೆಯುತ್ತದೆ: ಟೊಳ್ಳಿಗೆ ಸಿಲಿಕೋನ್ ರಬ್ಬರ್ ಸುರಿದು ಒಣಗಿಸಿ ತೆಗೆದರೆ ಕರಗಿಹೋದ ಚಿಪ್ಪಿನ ಹೊರಮೈ ಸೂಕ್ಷ್ಮ ಗೆರೆಗಳ ಸಮೇತ ಕೈಗೆ ಬರುತ್ತದೆ.

ಕ್ಷೇತ್ರದಲ್ಲಿ ಮಳೆನೀರು ಕೊರೆದ ಕೊರಕಲುಗಳ ತಳದಲ್ಲಿ ಸುಂದರವಾದ ಚಿಪ್ಪುಗಳು ಬಿದ್ದಿರುತ್ತವೆ. ಆಯುವುದು ಸುಲಭ, ಆದರೆ ಅವು ಮೇಲಿನ ಯಾವ ಪದರಿನಿಂದ ಉರುಳಿ ಬಂದವೆಂದು ಹೇಳುವುದು ಕಷ್ಟ. ಪದರಿನಿಂದಲೇ ಕಿತ್ತ ಒರಟು ಚಿಪ್ಪಿಗೆ ಇರುವ ಬೆಲೆ ಇವಕ್ಕಿಲ್ಲ. ಸ್ಥಳ, ಪದರು, ತಾರೀಖು ಬರೆದ ಚೀಟಿಯನ್ನು ಅಲ್ಲೇ ಚೀಲದೊಳಗೆ ಹಾಕಬೇಕು. ಸಂಜೆ ಕೋಣೆಗೆ ಮರಳಿ ಬರೆದ ಚೀಟಿಗಳನ್ನು ಮೂರು ವರ್ಷದ ಮೇಲೆ ಯಾರೂ ನಂಬುವುದಿಲ್ಲ.

ಶುಚಿಗೊಳಿಸುವುದಕ್ಕೆ ಸೂಜಿ, ಮೃದುವಾದ ಬ್ರಷ್ ಮತ್ತು ತಾಳ್ಮೆ ಸಾಕಾಗುತ್ತವೆ. ಆಮ್ಲವನ್ನು ಹತ್ತಿರವೂ ತರಬಾರದು, ಅದು ಬಂಡೆಯ ಸುಣ್ಣದೊಂದಿಗೆ ಚಿಪ್ಪನ್ನೂ ತಿನ್ನುತ್ತದೆ. ಫೋಟೋ ತೆಗೆಯುವ ಮುನ್ನ ಚಿಪ್ಪಿಗೆ ಅಮೋನಿಯಂ ಕ್ಲೋರೈಡಿನ ಹೊಗೆ ಹಿಡಿದು ತೆಳುವಾದ ಬಿಳಿ ಲೇಪ ಕೊಡುವುದು ರೂಢಿ. ಕಲೆ, ಬಣ್ಣ, ಹೊಳಪು ಎಲ್ಲ ಮರೆಯಾಗಿ ಏಣುಗಳ ನೆರಳು ಮಾತ್ರ ಎದ್ದು ಕಾಣುತ್ತದೆ. ತುದಿ ಮೇಲಕ್ಕೆ, ಬಾಯಿ ನೋಡುವವರ ಕಡೆಗೆ, ಬೆಳಕು ಎಡಮೇಲಿನಿಂದ ಎಂಬ ಕ್ರಮವನ್ನು ಪಾಲಿಸಿದರೆ ಬೇರೆ ಬೇರೆ ಲೇಖನಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

ಬಸವನಹುಳುವಿನ ಚಿಪ್ಪಿಗೆ ಒಂದು ವಿಶೇಷವಿದೆ: ಪ್ರಾಣಿಯ ಇಡೀ ಬಾಳು ಅದರಲ್ಲೇ ದಾಖಲಾಗಿರುತ್ತದೆ. ಚಿಪ್ಪು ಬಾಯಿಯ ಕಡೆ ಬೆಳೆಯುತ್ತ ಹೋಗುವುದರಿಂದ ತುದಿಯಲ್ಲಿರುವುದು ಮರಿಯ ಕಾಲದ ಚಿಪ್ಪು. ಇದನ್ನು ಪ್ರೋಟೊಕಾಂಕ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಚಿಕ್ಕದಾಗಿರುವ ಈ ತುಣುಕಿನಿಂದ ತಿಳಿಯುವ ಸಂಗತಿ ಕಡಿಮೆಯೇನಲ್ಲ. ಸಣ್ಣ ಸಣ್ಣ ಸುತ್ತುಗಳು ಹಲವಾರು ಇದ್ದರೆ ಲಾರ್ವಾ ನೀರಿನಲ್ಲಿ ತೇಲುತ್ತ, ಸೂಕ್ಷ್ಮಜೀವಿಗಳನ್ನು ತಿನ್ನುತ್ತ ಬೆಳೆದಿತ್ತು ಎಂದು ಊಹಿಸಬಹುದು. ಸುತ್ತುಗಳು ಒಂದೆರಡೇ ಇದ್ದು ಅಗಲವಾಗಿದ್ದರೆ ಮೊಟ್ಟೆಯಲ್ಲಿ ಕೂಡಿಟ್ಟ ಆಹಾರ ತಿಂದು, ತೇಲುವ ಹಂತವನ್ನು ಬಹುಮಟ್ಟಿಗೆ ಬಿಟ್ಟು ತಳದಲ್ಲಿ ತೆವಳಲು ಶುರುಮಾಡಿತ್ತು ಎಂದರ್ಥ. ತೇಲಿ ಹೋಗುವ ಲಾರ್ವಾ ಇರುವ ಪ್ರಭೇದ ಸಾವಿರಾರು ಕಿಲೋಮೀಟರ್ ಹರಡಬಲ್ಲದು, ತೆವಳುವುದು ತನ್ನ ಕೊಲ್ಲಿಯಲ್ಲೇ ಉಳಿಯುತ್ತದೆ. ಅಂದರೆ ಸ್ಥಳೀಯವಾದ ಹೊಸ ಪ್ರಭೇದವೆಂದು ವಾದಿಸುವವರ ಮಾತಿಗೆ ಪ್ರೋಟೊಕಾಂಕ್ ಬಲ ಕೊಡಲೂಬಹುದು, ಕಡಿಯಲೂಬಹುದು.

ಅದೇ ತುದಿ ಟರ್ರಿಟೆಲ್ಲಾದಲ್ಲಿ ಬಹುತೇಕ ಮುರಿದೇ ಇರುತ್ತದೆ. ಸೂಜಿಯಂತೆ ಮೊನಚಾದದ್ದು ಅಲೆಯ ಹೊಡೆತಕ್ಕೆ ಮೊದಲು ಬಲಿ. ನೂರು ಚಿಪ್ಪು ಆಯ್ದರೂ ಪೂರ್ಣ ತುದಿಯಿರುವುದು ಒಂದೂ ಇಲ್ಲದಿರುವುದು ಅಪರೂಪವಲ್ಲ. ಈ ಕಾರಣಕ್ಕೆ ಚಿಪ್ಪು ಸಿಕ್ಕಿದ ಪದರಿನ ಜೇಡಿಮಣ್ಣನ್ನೂ ಒಂದಿಷ್ಟು ಮೂಟೆ ಕಟ್ಟಿ ತರುವುದು ಅಗತ್ಯ. ನೀರಿನಲ್ಲಿ ನೆನೆಸಿ ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದರೆ ಎಳೆಯ ಚಿಪ್ಪುಗಳು ಸಿಗುತ್ತವೆ; ದೊಡ್ಡದರಲ್ಲಿ ಮುರಿದ ಭಾಗವನ್ನು ಅವು ತುಂಬಿಕೊಡುತ್ತವೆ. ಕೆಲಸದ ಪಾಠಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಕಡಿಮೆ: ದೊಡ್ಡ ಚಿಪ್ಪು ಚಿತ್ರಕ್ಕೆ, ಸಣ್ಣ ಚಿಪ್ಪು ವಾದಕ್ಕೆ.

ಟರ್ರಿಟೆಲ್ಲಾ ಗುಂಪಿನಲ್ಲಿ ಪ್ರಭೇದಗಳನ್ನು ಬೇರ್ಪಡಿಸಲು ಹೆಚ್ಚು ನೆಚ್ಚುವುದು ಸುತ್ತುಗಳ ಮೇಲಿನ ಸುರುಳಿ ಏಣುಗಳನ್ನು. ಬೆಳೆದ ಸುತ್ತಿನ ಮೇಲೆ ಎಷ್ಟು ಏಣುಗಳಿವೆ ಎಂದು ಎಣಿಸುವುದಕ್ಕಿಂತ ಅವು ಯಾವ ಕ್ರಮದಲ್ಲಿ ಹುಟ್ಟಿದವು ಎಂದು ನೋಡುವುದು ಮುಖ್ಯ. ಎಳೆಯ ಸುತ್ತುಗಳಲ್ಲಿ ಮೊದಲು ಕಾಣಿಸಿಕೊಳ್ಳುವ ಪ್ರಧಾನ ಏಣುಗಳನ್ನು ಮೇಲಿನಿಂದ ಕೆಳಕ್ಕೆ ಎ, ಬಿ, ಸಿ ಎಂದು ಗುರುತಿಸುವ ಪದ್ಧತಿಯನ್ನು ನ್ಯೂಜಿಲೆಂಡಿನ ಮಾರ್ವಿಕ್ 1957ರಲ್ಲಿ ಬಳಕೆಗೆ ತಂದರು. ಬಿ ಮೊದಲು ಬರುವ ಪ್ರಭೇದವೂ ಸಿ ಮೊದಲು ಬರುವ ಪ್ರಭೇದವೂ ಬೆಳೆದ ಮೇಲೆ ಒಂದೇ ತರಹ ಕಾಣಬಹುದು. ಇದರ ಜೊತೆಗೆ ಬೆಳವಣಿಗೆಯ ಗೆರೆಗಳು ಸುತ್ತಿನ ಪಕ್ಕದಲ್ಲಿ ಎಷ್ಟು ಆಳವಾಗಿ ಬಾಗುತ್ತವೆ ಎಂಬುದನ್ನೂ ದಾಖಲಿಸಬೇಕು. ಬಾಯಿಯ ಅಂಚು ತೆಳುವಾಗಿ ಮುರಿದು ಹೋಗಿದ್ದರೂ ಅದರ ಆಕಾರವನ್ನು ಈ ಗೆರೆಗಳಿಂದ ಮರಳಿ ಕಟ್ಟಬಹುದು.

ಒಂದೇ ಚಿಪ್ಪು ಹಿಡಿದು ಪ್ರಭೇದ ಕಟ್ಟುವುದು ಅಪಾಯದ ದಾರಿ. ಒಂದೇ ಪ್ರಭೇದದೊಳಗೆ ಕೆಲವು ತೆಳ್ಳಗೆ, ಕೆಲವು ದಪ್ಪ. ಕೆಲವದರ ಏಣು ಹರಿತ, ಕೆಲವದರದು ಮೊಂಡು. ಮರಿಯನ್ನೂ ಬೆಳೆದದ್ದನ್ನೂ ಎರಡು ಪ್ರಭೇದಗಳೆಂದು ಎಣಿಸಿದ ಉದಾಹರಣೆಗಳು ಹಳೆಯ ಸಾಹಿತ್ಯದಲ್ಲಿ ಧಾರಾಳ. ಅಲೆಗೆ ಉರುಳಿ ಸವೆದ ಚಿಪ್ಪು, ಸನ್ಯಾಸಿ ಏಡಿ ಹೊತ್ತು ತಿರುಗಿ ಬಾಯಿ ಸವೆಸಿದ ಚಿಪ್ಪು, ಏಡಿಯ ಇಕ್ಕಳಕ್ಕೆ ಸಿಕ್ಕಿ ಒಡೆದು ಮತ್ತೆ ಬೆಸೆದುಕೊಂಡ ಚಿಪ್ಪು ಇವೆಲ್ಲ ಹೊಸ ಲಕ್ಷಣದಂತೆ ಕಂಡು ದಾರಿ ತಪ್ಪಿಸಬಲ್ಲವು. ಉದ್ದ, ಅಗಲ, ತುದಿಯ ಕೋನವನ್ನು ಹತ್ತಾರು ಚಿಪ್ಪುಗಳಲ್ಲಿ ಅಳೆದು ನಕ್ಷೆಯ ಮೇಲೆ ಚುಕ್ಕಿ ಇಟ್ಟರೆ, ಚುಕ್ಕಿಗಳೆಲ್ಲ ಒಂದೇ ಗುಂಪಾಗಿವೆಯೋ ಎರಡಾಗಿ ಒಡೆದಿವೆಯೋ ಎಂಬುದು ಕಣ್ಣಿಗೆ ಕಾಣುತ್ತದೆ. ಒಂದೇ ಗುಂಪಾದರೆ ಹೊಸ ಹೆಸರಿನ ಆಸೆ ಅಲ್ಲಿಗೆ ಮುಗಿಯಿತು.

ಬಣ್ಣ ಉಳಿದಿಲ್ಲವೆಂದು ತಿಳಿದ ಚಿಪ್ಪುಗಳೂ ಕೆಲವೊಮ್ಮೆ ಅಚ್ಚರಿ ತರುತ್ತವೆ. ಡೊಮಿನಿಕನ್ ಗಣರಾಜ್ಯದ 66 ಲಕ್ಷದಿಂದ 48 ಲಕ್ಷ ವರ್ಷ ಹಳೆಯ ಕೋನ್ ಬಸವನಹುಳುಗಳನ್ನು ಬ್ಲೀಚ್‌ನಲ್ಲಿ ನೆನೆಸಿ ಅತಿನೇರಳೆ ಬೆಳಕಿನಲ್ಲಿ ನೋಡಿದಾಗ, ಬರಿಗಣ್ಣಿಗೆ ಬಿಳುಪಾಗಿದ್ದ ಮೈಮೇಲೆ ಚುಕ್ಕಿ ಪಟ್ಟೆಗಳು ಹೊಳೆದವು. ಜೊನಾಥನ್ ಹೆಂಡ್ರಿಕ್ಸ್ 2015ರಲ್ಲಿ ಹೀಗೆ 28 ಪ್ರಭೇದಗಳನ್ನು ಗುರುತಿಸಿದರು, ಅವುಗಳಲ್ಲಿ 13 ಹೊಸವೆಂದು ಕಂಡವು. ಇಂದಿನ ಕೋನ್‌ಗಳನ್ನು ಬಣ್ಣದ ವಿನ್ಯಾಸದಿಂದಲೇ ಬೇರ್ಪಡಿಸುವುದರಿಂದ ಇದು ಬಹಳ ಉಪಕಾರಿ.

ಹಳೆಯ ಸಾಹಿತ್ಯದಲ್ಲಿ ಚಿತ್ರಗಳನ್ನು ಅತಿಯಾಗಿ ನಂಬಬಾರದು. ಹತ್ತೊಂಬತ್ತನೆಯ ಶತಮಾನದ ಕೆತ್ತನೆ ಚಿತ್ರಗಾರರು ಮುರಿದ ತುದಿಯನ್ನು ತಾವೇ ಪೂರ್ತಿಗೊಳಿಸುತ್ತಿದ್ದರು, ಸವೆದ ಏಣನ್ನು ಚೂಪಾಗಿಸುತ್ತಿದ್ದರು. ಮೂಲ ಮಾದರಿಯನ್ನು ಕಣ್ಣಾರೆ ನೋಡದೆ ತೀರ್ಮಾನಕ್ಕೆ ಬರುವಂತಿಲ್ಲ. ಹೋಗಲಾಗದಿದ್ದರೆ ಸಂಗ್ರಹಾಲಯದ ಕ್ಯುರೇಟರ್‌ಗೆ ಬರೆದು ಹೊಸ ಫೋಟೋ ತರಿಸಿಕೊಳ್ಳಬೇಕು. ಹೆಸರುಗಳ ಇತಿಹಾಸವೂ ಸುಲಭದ್ದಲ್ಲ. ಈಯೋಸೀನ್ ಯುಗದ ವೆಲೇಟಿಸ್ ಎಂಬ ಗುಮ್ಮಟದಂಥ ಚಿಪ್ಪು ಫ್ರಾನ್ಸಿನಿಂದ ಭಾರತ ಉಪಖಂಡದವರೆಗೆ ಸಿಗುತ್ತದೆ. ಹಳೆಯ ಲೇಖಕರು ಇದನ್ನು ಕೆಮ್ನಿಟ್ಸ್ ಕೊಟ್ಟ ಶ್ಮಿಡೆಲಿ ಎಂಬ ಹೆಸರಿನಿಂದ ಕರೆದರು. ಕೆಮ್ನಿಟ್ಸ್ ದ್ವಿನಾಮ ಪದ್ಧತಿಯನ್ನು ಸರಿಯಾಗಿ ಪಾಲಿಸಿರಲಿಲ್ಲವಾದ್ದರಿಂದ ಅದು ಸಿಂಧುವಲ್ಲ. 1791ರಲ್ಲಿ ಗ್ಮೆಲಿನ್ ಇಟ್ಟ ಪರ್ವರ್ಸಸ್ ಎಂಬುದೇ ನಿಲ್ಲುತ್ತದೆ. ಪ್ಯಾರಿಸ್ ಸುತ್ತಲಿನ ಚಿಪ್ಪುಗಳ ಪುಸ್ತಕ ತೆರೆಯದೆ ಭಾರತದ ಈಯೋಸೀನ್ ಚಿಪ್ಪಿಗೆ ಹೆಸರಿಡಲಾಗದು ಎಂಬುದು ಇದರಿಂದ ಸ್ಪಷ್ಟ.

ಇಷ್ಟೆಲ್ಲ ದಾಟಿ ಚಿಪ್ಪು ಹೊಸದೆಂದು ಖಚಿತವಾದರೆ ಬರವಣಿಗೆ. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಹೆಸರುಗಳ ಲೆಕ್ಕವನ್ನು 1758ರ ಜನವರಿ 1ರಿಂದ, ಅಂದರೆ ಲಿನೇಯಸ್‌ನ ಗ್ರಂಥದ ಹತ್ತನೆಯ ಆವೃತ್ತಿಯಿಂದ, ಶುರುಮಾಡುತ್ತದೆ. 1930ರ ನಂತರದ ಹೆಸರಿಗೆ ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಹೇಳಿರಬೇಕು ಅಥವಾ ಹಾಗೆ ಹೇಳಿದ ಹಿಂದಿನ ಬರಹವನ್ನು ಉಲ್ಲೇಖಿಸಿರಬೇಕು, ಚಿತ್ರವೊಂದೇ ಸಾಲದು. 1999ರ ನಂತರ ಹೋಲೊಟೈಪ್ ಯಾವುದು, ಅದು ಯಾವ ಸಂಗ್ರಹದಲ್ಲಿದೆ ಎಂದೂ ಬರೆಯಬೇಕು. ಹೋಲೊಟೈಪ್ ಎಂದರೆ ಹೆಸರಿಗೆ ಆಧಾರವಾಗಿ ನಿಲ್ಲುವ ಒಂದೇ ಒಂದು ಚಿಪ್ಪು. ಅದು ಗುಂಪಿನ ಸರಾಸರಿ ಆಗಬೇಕಿಲ್ಲ, ಅತಿ ಸುಂದರವೂ ಆಗಬೇಕಿಲ್ಲ. ನೆಚ್ಚಿದ ಲಕ್ಷಣಗಳು ಅದರಲ್ಲಿ ಉಳಿದಿರಬೇಕು. ಬರೀ ಅಂತರ್ಜಾಲದಲ್ಲಿ ಬರುವ ಲೇಖನಗಳಿಗೆ 2012ರಿಂದ ಮಾನ್ಯತೆ ಇದೆ, ಆದರೆ ಲೇಖನವನ್ನು ಜೂಬ್ಯಾಂಕ್ ಎಂಬ ಅಧಿಕೃತ ದಾಖಲೆಯಲ್ಲಿ ನೋಂದಾಯಿಸಿ ಆ ಸಂಗತಿಯನ್ನು ಲೇಖನದೊಳಗೇ ಹೇಳಿರಬೇಕು. ವಿವರಣೆ ಯಾವ ಭಾಷೆಯಲ್ಲಿರಬೇಕೆಂದು ಸಂಹಿತೆ ಕಡ್ಡಾಯ ಮಾಡಿಲ್ಲ. ಕನ್ನಡದಲ್ಲಿ ಬರೆದರೂ ಹೆಸರು ಸಿಂಧುವೇ. ಹೆಸರು ಮಾತ್ರ ಲ್ಯಾಟಿನ್ ಲಿಪಿಯಲ್ಲಿರಬೇಕು.

ಲಕ್ಷಣಸಾರ ಮತ್ತು ವಿವರಣೆ ಎರಡೂ ಬೇರೆ. ಸಾರ ನಾಲ್ಕೈದು ಸಾಲು: ಈ ಚಿಪ್ಪನ್ನು ಹತ್ತಿರದ ನೆಂಟರಿಂದ ಯಾವುದು ಬೇರ್ಪಡಿಸುತ್ತದೆ ಎಂದಷ್ಟೇ. ವಿವರಣೆ ತುದಿಯಿಂದ ಬಾಯಿಯವರೆಗೆ ಕ್ರಮವಾಗಿ ಸಾಗುತ್ತದೆ, ಅಳತೆಗಳ ಪಟ್ಟಿ ಸೇರುತ್ತದೆ. ಆಮೇಲಿನ ಹೋಲಿಕೆಯ ಭಾಗವೇ ಓದುವವರು ಮೊದಲು ತೆರೆಯುವ ಪುಟ. ಅಲ್ಲಿ ಲೇಖಕ ತನಗೆ ಅನುಕೂಲವಾದ ದೂರದ ನೆಂಟರೊಡನೆ ಮಾತ್ರ ಹೋಲಿಸಿ ಹತ್ತಿರದವರನ್ನು ಬಿಟ್ಟರೆ ವಿಮರ್ಶಕ ಹಿಡಿಯುತ್ತಾನೆ, ಹಿಡಿಯಬೇಕು ಕೂಡ.

ಪ್ರಭೇದದ ಹೆಸರು ವಿಶೇಷಣವಾದರೆ ಕುಲದ ಲಿಂಗಕ್ಕೆ ಹೊಂದಬೇಕು. ಟರ್ರಿಟೆಲ್ಲಾ ಸ್ತ್ರೀಲಿಂಗ, ಅದಕ್ಕೇ ಆಂಗ್ಯುಲೇಟಾ. ವ್ಯಕ್ತಿಯ ಗೌರವಾರ್ಥ ಇಡುವುದಾದರೆ ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ಕೊನೆಯಕ್ಷರ. ತನ್ನ ಹೆಸರನ್ನೇ ಇಟ್ಟುಕೊಳ್ಳಲು ನಿಷೇಧವಿಲ್ಲ, ಮರ್ಯಾದೆಯಿಲ್ಲ ಅಷ್ಟೇ. ಆಯ್ದ ಹೆಸರನ್ನು ಅದೇ ಕುಲದಲ್ಲಿ ಹಿಂದೆ ಯಾರಾದರೂ ಬಳಸಿದ್ದಾರೆಯೇ ಎಂದು ನೋಡಿಕೊಳ್ಳುವುದು ಬಹಳ ಅಗತ್ಯ, ಟರ್ರಿಟೆಲ್ಲಾದಂಥ ಹಳೆಯ ದೊಡ್ಡ ಕುಲದಲ್ಲಿ ಚೆಂದದ ಹೆಸರುಗಳೆಲ್ಲ ಎಂದೋ ಖಾಲಿಯಾಗಿವೆ. ಸಾಕ್ಷ್ಯ ಸಾಲದ ಚಿಪ್ಪುಗಳನ್ನು ಕುಲದ ಹೆಸರಿನ ಮುಂದೆ ಬರೀ ಎಸ್‌ಪಿ. ಎಂದು ಬರೆದು, ಚಿತ್ರದೊಂದಿಗೆ ಪ್ರಕಟಿಸಿ ಬಿಡುವುದು ಪ್ರಾಮಾಣಿಕ ಪದ್ಧತಿ. ಮುಂದೆ ಒಳ್ಳೆಯ ಮಾದರಿ ಸಿಕ್ಕಿದವರಿಗೆ ಅದು ಅನುಕೂಲ.

ಪ್ರಕಟವಾದ ಹೆಸರು ಸ್ಥಿರವೆಂದೇನೂ ಅಲ್ಲ. ಮುಂದಿನವರು ಅದನ್ನು ಹಳೆಯ ಪ್ರಭೇದವೊಂದರ ಪರ್ಯಾಯವೆಂದು ತೀರ್ಮಾನಿಸಬಹುದು, ಆಗ ಮೊದಲು ಪ್ರಕಟವಾದ ಹೆಸರಿಗೆ ಆದ್ಯತೆ. ಬೇರೆ ಕುಲಕ್ಕೆ ಸೇರಿಸಿದರೆ ವಿಶೇಷಣ ಆ ಕುಲದ ಲಿಂಗಕ್ಕೆ ಬದಲಾಗುತ್ತದೆ, ಮೂಲ ಲೇಖಕರ ಹೆಸರು ಮತ್ತು ವರ್ಷ ಆವರಣದೊಳಗೆ ಹೋಗುತ್ತವೆ. ಮತ್ತೆ ಮೊದಲಿನ ಕುಲಕ್ಕೇ ಮರಳಿಸಿದರೆ ಆವರಣವನ್ನು ತೆಗೆಯಲಾಗುತ್ತದೆ.